ಹವಳದ ಟ್ಯಾಂಕಿಗೆ ಯಾವ ಪಂಪ್, ಎಷ್ಟು ದೊಡ್ಡದು?

ಪ್ರಶ್ನೆ: ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ಟ್ಯಾಂಕ್ ಮಾಡಿಸಿದ್ದೇನೆ. ಉಪ್ಪುನೀರು ಹಾಕಿ ಒಂದು ಜೋಡಿ ಕ್ಲೌನ್ ಮೀನು, ಒಂದಷ್ಟು ಮೆದು ಹವಳ ಸಾಕುವ ಆಸೆ. ಒಬ್ಬ ಅಂಗಡಿಯವರು ಗಂಟೆಗೆ 12,000 ಲೀಟರ್ ತಳ್ಳುವ, ಟ್ಯಾಂಕಿನೊಳಗೆ ಅಲೆ ಎಬ್ಬಿಸುವ ಒಂದೇ ವೇವ್‌ಮೇಕರ್ ಹಾಕಿ ಅಂದರು. ಇನ್ನೊಬ್ಬರು ಕೆಳಗಿನ ಸಂಪ್ ಟ್ಯಾಂಕಿಗೆ (ಮೇಲಿನ ನೀರು ಇಳಿದು ಶುದ್ಧವಾಗುವ ತೊಟ್ಟಿಗೆ) ದೊಡ್ಡ ಪಂಪ್ ಇಟ್ಟರೆ ವೇವ್‌ಮೇಕರೇ ಬೇಡ ಅಂದರು. ಯಾರ ಮಾತು ಕೇಳಲಿ?
- ಓದುಗರು, ಜಯನಗರ

ಉತ್ತರ: ಇಬ್ಬರ ಮಾತನ್ನೂ ಬಿಡಿ. ಮೊದಲು ಲೆಕ್ಕ ಹಾಕೋಣ. ನಿಮ್ಮ ಟ್ಯಾಂಕ್ 9 ಘನ ಅಡಿ, ಅಂದರೆ ಸುಮಾರು 255 ಲೀಟರ್. ಕಲ್ಲು, ಮರಳು ತುಂಬಿದ ಮೇಲೆ ನಿಜವಾಗಿ ಇರುವ ನೀರು 220 ಲೀಟರ್ ಆಸುಪಾಸು. ಮುಂದಿನದೆಲ್ಲ ಈ 220ರ ಮೇಲೆ.

ಮೀನು ಬೇಕಾದ ಕಡೆ ಈಜಿಕೊಂಡು ಹೋಗುತ್ತದೆ. ಹವಳ ಕೂತಲ್ಲೇ ಕೂತಿರುತ್ತದೆ. ಆಹಾರ, ಆಮ್ಲಜನಕ ಎರಡನ್ನೂ ನೀರೇ ಅದರ ಹತ್ತಿರಕ್ಕೆ ತರಬೇಕು, ಅದು ಬಿಡುವ ಲೋಳೆ ಮತ್ತು ಕೊಳೆಯನ್ನು ನೀರೇ ಒಯ್ಯಬೇಕು. ನೀರು ನಿಂತರೆ ಹವಳದ ಮೈಗೆ ಅಂಟಿಕೊಂಡಂತೆ ಒಂದು ತೆಳು ಪದರ ಅಲುಗಾಡದೆ ಉಳಿದುಬಿಡುತ್ತದೆ, ಈ ಕೊಡು-ತಗೊಳ್ಳುವ ಕೆಲಸವೆಲ್ಲ ಅಲ್ಲೇ ನಿಧಾನವಾಗುತ್ತದೆ. ಹಾಗಂತ ಒಂದೇ ಕಡೆಯಿಂದ ಪೈಪು ಹಿಡಿದ ಹಾಗೆ ನೀರು ಬಡಿದರೆ ಹವಳ ಮುದುಡಿಕೊಂಡೇ ಇರುತ್ತದೆ, ಕೊನೆಗೆ ಆ ಬದಿಯ ಮಾಂಸವೇ ಕಿತ್ತು ಬರುತ್ತದೆ. 220 ಲೀಟರಿಗೆ 12,000 ಅಂದರೆ ಗಂಟೆಗೆ 50 ಪಟ್ಟಿಗಿಂತ ಜಾಸ್ತಿ. ಮೆದು ಹವಳಕ್ಕೆ ಅಷ್ಟು ಬೇಡವೇ ಬೇಡ.

ಎರಡು ಪಂಪಿನ ಕೆಲಸವೂ ಬೇರೆ ಬೇರೆ. ಸಂಪಿನಲ್ಲಿರುವ ರಿಟರ್ನ್ ಪಂಪಿನ ಕೆಲಸ ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಉಪಕರಣ) ದಾಟಿ ಬಂದ ನೀರನ್ನು ಮೇಲಕ್ಕೆ ಎತ್ತುವುದು, ಅಷ್ಟೇ. ಗಂಟೆಗೆ ಟ್ಯಾಂಕಿನ ನಾಲ್ಕೈದು ಪಟ್ಟು ನೀರು ಸುತ್ತಿದರೆ ಸಾಕು, ಅಂದರೆ ನಿಮಗೆ 900ರಿಂದ 1,100 ಲೀಟರ್. ಅದನ್ನೇ ದೊಡ್ಡದು ಮಾಡಿ ಟ್ಯಾಂಕಿನೊಳಗೆ ಅಲೆ ಎಬ್ಬಿಸಲು ಹೊರಟರೆ ಕರೆಂಟ್ ಬಿಲ್ ಏರುತ್ತದೆ, ನೀರು ಕೆಳಗಿಳಿಯುವ ಓವರ್‌ಫ್ಲೋ ಪೈಪಿನ ಗೊರಗೊರ ಸದ್ದು ಮನೆ ತುಂಬುತ್ತದೆ, ಕಲ್ಲಿನ ಹಿಂದೆ ಮಾತ್ರ ನೀರು ಹಾಗೇ ನಿಂತಿರುತ್ತದೆ.

ರಿಟರ್ನ್ ಪಂಪ್ ಕೊಳ್ಳುವಾಗ ಡಬ್ಬದ ಮೇಲಿನ ದೊಡ್ಡ ಅಂಕಿ ನೋಡಿ ಮೋಸ ಹೋಗಬೇಡಿ. ಅದು ನೀರನ್ನು ಮೇಲಕ್ಕೆ ಎತ್ತದೆ ಇದ್ದಾಗಿನ ಲೆಕ್ಕ. ನಿಮ್ಮ ಸಂಪಿನಿಂದ ಟ್ಯಾಂಕಿನ ಬಾಯಿಗೆ ನಾಲ್ಕು ಅಡಿ ಎತ್ತರ ಇದ್ದೇ ಇರುತ್ತದೆ. 2,000 ಲೀಟರ್ ಅಂತ ಬರೆದ, ಹೆಚ್ಚೆಂದರೆ ಎರಡು ಮೀಟರ್ ಚಿಲ್ಲರೆ ಎತ್ತುವ ಪಂಪು ಅಷ್ಟು ಎತ್ತರಕ್ಕೆ ಅರ್ಧ ಕೊಟ್ಟರೆ ಹೆಚ್ಚು. ಪೈಪಿನಲ್ಲಿ ಎಲ್ಬೋ ಜಾಸ್ತಿ ಆದಷ್ಟೂ ಇನ್ನೂ ಕಡಿಮೆ. ಸಂಶಯ ಇದ್ದರೆ ಅಳೆದುಬಿಡಿ: ಪೈಪಿನ ಬಾಯನ್ನು ಅದೇ ಎತ್ತರದಲ್ಲಿ ಹಿಡಿದು 10 ಲೀಟರ್ ಬಕೆಟ್ ತುಂಬಿಸಿ. 36 ಸೆಕೆಂಡಿಗೆ ತುಂಬಿದರೆ ಗಂಟೆಗೆ 1,000 ಲೀಟರ್ ಬರುತ್ತಿದೆ ಅಂತ.

ಇನ್ನು ವೇವ್‌ಮೇಕರ್. ಜೊವಾಂತಸ್, ಮಶ್ರೂಮ್, ಲೆದರ್ ಥರದ ಮೆದು ಹವಳಕ್ಕೆ ಗಂಟೆಗೆ 10ರಿಂದ 20 ಪಟ್ಟು ಓಡಾಟ ಸಾಕು ಅನ್ನುವುದು ಸಾಕುವವರ ರೂಢಿಯ ಲೆಕ್ಕ. ನಿಮಗೆ 2,200ರಿಂದ 4,400 ಲೀಟರ್ ಆಯಿತು. 4,000ದ್ದು ಒಂದು ತರುವ ಬದಲು 2,000ದ್ದು ಎರಡು ತನ್ನಿ. ವೇಗ ಕಡಿಮೆ-ಜಾಸ್ತಿ ಮಾಡುವ ಕಂಟ್ರೋಲರ್ ಇರಲಿ. ಹಳೇ ಕಾಲದ ಪವರ್‌ಹೆಡ್ ಬೇಡ, ಅದರ ಧಾರೆ ಸಣ್ಣದು, ಏಟು ಜೋರು. ಫ್ಯಾನಿನಂಥ ರೆಕ್ಕೆ ಇರುವುದೇ ಒಳ್ಳೇದು, ಅಗಲವಾಗಿ ಮೆತ್ತಗೆ ತಳ್ಳುತ್ತದೆ. ಎಡಕ್ಕೊಂದು ಬಲಕ್ಕೊಂದು ಇಟ್ಟು ಒಂದರ ನಂತರ ಒಂದು ಏರುವ ಹಾಗೆ ಸೆಟ್ ಮಾಡಿದರೆ ನೀರಿಗೆ ಒಂದೇ ದಿಕ್ಕು ಅಂತ ಇರುವುದಿಲ್ಲ. ಸಮುದ್ರದಲ್ಲಿ ಆಗುವುದೂ ಹಾಗೇ ಅಲ್ವಾ?

ಹಾಕಿದ ಮೇಲೆ ಅಂಕಿ ಮರೆತು ಹವಳವನ್ನು ನೋಡಿ. ಅದು ತೂಗಾಡಬೇಕು, ಸ್ವಲ್ಪ ನಿಲ್ಲಬೇಕು, ಮತ್ತೆ ತೂಗಾಡಬೇಕು. ಸದಾ ಒಂದೇ ಕಡೆ ಬಾಗಿದ್ದರೆ ನೀರು ಜಾಸ್ತಿ ಬಡಿಯುತ್ತಿದೆ. ಮರಳು ಕಿತ್ತು ಗಾಜು ಕಾಣಿಸಿದರೂ ಅದೇ ಅರ್ಥ. ಕಲ್ಲಿನ ಹಿಂದೆ ಕಸ ಕೂತರೆ ಅಲ್ಲಿಗೆ ನೀರು ಮುಟ್ಟುತ್ತಿಲ್ಲ.

ಒಂದು ಮಾತು ಕಡ್ಡಾಯವಾಗಿ ಹೇಳಬೇಕು. ಗಟ್ಟಿ ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ನಮ್ಮ ಸಮುದ್ರದಿಂದ ಕಿತ್ತು ತಂದದ್ದನ್ನು ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ.

ಪ್ರಶ್ನೆ: ನಮ್ಮ ಏರಿಯಾದಲ್ಲಿ ಮಳೆ ಬಂದರೆ ಕರೆಂಟ್ ಹೋಗುತ್ತದೆ. ಎರಡು ಸಲ ಸಂಪ್ ಟ್ಯಾಂಕ್ ತುಂಬಿ ಹಾಲಿನ ತುಂಬ ಉಪ್ಪುನೀರು. ಇನ್ವರ್ಟರ್ ಇದೆ, ಎಲ್ಲ ಪಂಪನ್ನೂ ಅದಕ್ಕೆ ಹಾಕಲೇ?
- ಓದುಗರು, ರಾಜಾಜಿನಗರ

ಉತ್ತರ: ಎಲ್ಲ ಬೇಡ. ಒಂದೇ ಒಂದು ವೇವ್‌ಮೇಕರ್ ಹಾಕಿ, ಅದರ ಮುಖವನ್ನು ನೀರಿನ ಮೇಲ್ಭಾಗಕ್ಕೆ ತಿರುಗಿಸಿ. ಕರೆಂಟ್ ಹೋದಾಗ ಮೊದಲು ಕಡಿಮೆಯಾಗುವುದು ಆಮ್ಲಜನಕ. ಮೀನಷ್ಟೇ ಅಲ್ಲ, ಕಲ್ಲಿನೊಳಗಿನ ಬ್ಯಾಕ್ಟೀರಿಯಾ ಕೂಡ ಅದನ್ನು ಬಳಸುತ್ತಾ ಇರುತ್ತದೆ. ಮೇಲ್ಮೈ ಅಲುಗಾಡಿದರೆ ಗಾಳಿ ನೀರಿಗೆ ಸೇರುತ್ತದೆ. 10 ವಾಟ್ ಪಂಪನ್ನು ಮನೆಯ ಇನ್ವರ್ಟರ್ ರಾತ್ರಿಯೆಲ್ಲ ಆರಾಮಾಗಿ ಓಡಿಸುತ್ತದೆ. ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರೋ ಸೈನ್ ವೇವೋ ನೋಡಿಕೊಳ್ಳಿ. ಸ್ಕ್ವೇರ್ ಆಗಿದ್ದರೆ ಎಸಿ ಪಂಪ್ (ಮನೆಯ ಕರೆಂಟಿನಲ್ಲೇ ನೇರ ಓಡುವುದು) ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಇನ್ವರ್ಟರೂ ಕೈಕೊಟ್ಟರೆ ಇರಲಿ ಅಂತ ಬ್ಯಾಟರಿಯ ಗಾಳಿ ಪಂಪ್ ಒಂದನ್ನು ತಂದಿಡಿ.

ನೀರು ಹಾಲಿಗೆ ಬಂದದ್ದಕ್ಕೆ ಕಾರಣ ಬೇರೆ. ಪಂಪ್ ನಿಂತ ಕೂಡಲೇ ರಿಟರ್ನ್ ಪೈಪು ಮೇಲಿನ ನೀರನ್ನು ಹಿಂದಕ್ಕೆ ಎಳೆಯುತ್ತದೆ, ಪೈಪಿನ ಬಾಯಿ ಎಷ್ಟು ಆಳದಲ್ಲಿದೆಯೋ ಅಲ್ಲಿವರೆಗೂ. ನಾಲ್ಕು ಅಡಿಗೆ ಒಂದೂವರೆ ಅಡಿಯ ಟ್ಯಾಂಕಿನಲ್ಲಿ ನೀರು ಒಂದೇ ಇಂಚು ಇಳಿದರೂ 14 ಲೀಟರ್ ಕೆಳಗೆ ಬರುತ್ತದೆ. ಪೈಪಿನ ಬಾಯನ್ನು ಮೇಲ್ಮೈಗೆ ಹತ್ತಿರ ತನ್ನಿ, ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಪೈಪಿಗೆ ಸಣ್ಣ ತೂತು ಕೊರೆಯಿರಿ, ಗಾಳಿ ಹೊಕ್ಕು ಎಳೆತ ನಿಲ್ಲುತ್ತದೆ. ತೂತು ಕಟ್ಟಿಕೊಳ್ಳದ ಹಾಗೆ ಆಗಾಗ ಕಡ್ಡಿ ಹಾಕಿ. ನೀರು ಹಿಂದಕ್ಕೆ ಬಾರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಒಂದನ್ನೇ ನಂಬಬೇಡಿ, ಉಪ್ಪು ಪಾಚಿ ಹಿಡಿದು ಪೂರ್ತಿ ಮುಚ್ಚಿಕೊಳ್ಳುವುದೇ ಇಲ್ಲ. ಆಮೇಲೆ ನೀವೇ ನಿಂತು ಪ್ಲಗ್ ಎಳೆದು ನೋಡಿ, ಸಂಪಿನಲ್ಲಿ ನೀರು ಎಲ್ಲಿಗೆ ಬಂದು ನಿಲ್ಲುತ್ತದೋ ಅಲ್ಲಿಗೆ ಗುರುತು ಹಾಕಿ. ಈ ಲೈನಿಗೆ ಕರೆಂಟ್ ಸೋರಿದರೆ ತಕ್ಷಣ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿದ್ದೀರಾ? ಇಲ್ಲದಿದ್ದರೆ ಎಲ್ಲಕ್ಕಿಂತ ಮೊದಲು ಅದು. ಉಪ್ಪುನೀರು, ಕರೆಂಟು, ಮನೆಯಲ್ಲಿ ಮಕ್ಕಳು, ಇದರಲ್ಲಿ ರಾಜಿ ಬೇಡ.

ಪ್ರಶ್ನೆ: ಎಸಿ ಪಂಪಿಗಿಂತ ಅಡಾಪ್ಟರ್ ಮೂಲಕ ಕಡಿಮೆ ವೋಲ್ಟಿನಲ್ಲಿ ಓಡುವ ಡಿಸಿ ಪಂಪಿನ ಬೆಲೆ ಅಷ್ಟೊಂದು ಜಾಸ್ತಿ. ಕೊಡುವುದು ಸರಿಯೇ?
- ಓದುಗರು, ಯಲಹಂಕ

ಉತ್ತರ: ಬೆಂಗಳೂರಿನಲ್ಲಿ ಸರಿ ಅಂತಲೇ ನನ್ನ ಅಭಿಪ್ರಾಯ. ನೀರಿನಲ್ಲಿ ಮುಳುಗಿರುವ ಪಂಪ್ ಎಳೆದ ಕರೆಂಟೆಲ್ಲ ಹೆಚ್ಚುಕಡಿಮೆ ಬಿಸಿಯಾಗಿ ಅದೇ ನೀರಿಗೆ ಸೇರುತ್ತದೆ. ಹವಳಕ್ಕೆ 24ರಿಂದ 27 ಡಿಗ್ರಿ ಹಿತ. ನಮ್ಮೂರು ತಂಪು ಅನ್ನುವ ಕಾಲ ಹೋಯಿತು, 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿದೆ. ಡಿಸಿ ಪಂಪ್ ಅಷ್ಟೇ ನೀರಿಗೆ ಕಡಿಮೆ ವಾಟ್ ತಗೊಳ್ಳುತ್ತದೆ, ವೇಗ ಇಳಿಸಬಹುದು, ಮುಳುಗಿರುವ ಭಾಗದಲ್ಲಿ 230 ವೋಲ್ಟ್ ಇರುವುದಿಲ್ಲ. ದುಡ್ಡು ಒಂದಕ್ಕೇ ಇದ್ದರೆ ವೇವ್‌ಮೇಕರ್ ಡಿಸಿ ತಗೊಳ್ಳಿ, ರಿಟರ್ನ್ ಪಂಪ್ ಸದ್ಯಕ್ಕೆ ಎಸಿ ಇರಲಿ.

ಪ್ರಶ್ನೆ: ಹೊಸದರಲ್ಲಿ ಚೆನ್ನಾಗಿ ತಳ್ಳುತ್ತಿದ್ದ ವೇವ್‌ಮೇಕರ್ ಈಗ ಕಟಕಟ ಸದ್ದು ಮಾಡುತ್ತದೆ, ನೀರೂ ಕಡಿಮೆ. ಹೊಸದು ತರಬೇಕೇ?
- ಓದುಗರು, ವಿಜಯನಗರ

ಉತ್ತರ: ಮೊದಲು ಬಿಚ್ಚಿ ನೋಡಿ. ರೆಕ್ಕೆಗೂ ಅಚ್ಚಿಗೂ ಸುಣ್ಣ ಕಟ್ಟಿರುತ್ತದೆ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒಂದೆರಡು ಗಂಟೆ ನೆನೆಸಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಚೆನ್ನಾಗಿ ತೊಳೆದು ಹಾಕಿ. ಎರಡು ಮೂರು ತಿಂಗಳಿಗೊಮ್ಮೆ ಇದನ್ನು ಮಾಡಲೇಬೇಕು. ಮ್ಯಾಗ್ನೆಟ್ ಬಿರುಕು ಬಿಟ್ಟು ತುಕ್ಕು ಕಾಣಿಸಿದರೆ ಮಾತ್ರ ಆ ಪಂಪನ್ನು ಮತ್ತೆ ನೀರಿಗಿಳಿಸಬೇಡಿ.