ಓದುಗರ ಪ್ರಶ್ನೆ: ಅಮೆರಿಕದಲ್ಲಿ ಯಾರನ್ನು ಯಾರು ಇಳಿಸಬಲ್ಲರು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದ ಆಡಳಿತವನ್ನು ಕುರಿತವು. ಒಂದೇ ವಿಷಯ ಕೇಳಿದ ಪತ್ರಗಳನ್ನು ಕೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಮಾನ್ಯರೇ, ಅಮೆರಿಕದ ಗವರ್ನರುಗಳು ಅಧ್ಯಕ್ಷರನ್ನೇ ಬಹಿರಂಗವಾಗಿ ಟೀಕಿಸುವುದನ್ನು ಟಿವಿಯಲ್ಲಿ ನೋಡುತ್ತೇವೆ. ತಮ್ಮನ್ನು ನೇಮಿಸಿದವರನ್ನೇ ವಿರೋಧಿಸಲು ಅವರಿಗೆ ಹೇಗೆ ಸಾಧ್ಯ?
— ಪದವಿ ವಿದ್ಯಾರ್ಥಿನಿ, ಜಮಖಂಡಿ

ಉತ್ತರ: ಅಲ್ಲಿನ ಗವರ್ನರನ್ನು ಯಾರೂ ನೇಮಿಸುವುದಿಲ್ಲ, ರಾಜ್ಯದ ಮತದಾರರೇ ನೇರವಾಗಿ ಆರಿಸುತ್ತಾರೆ. ಆದ್ದರಿಂದ ಅವರನ್ನು ನಮ್ಮ ರಾಜ್ಯಪಾಲರಿಗಿಂತ ಮುಖ್ಯಮಂತ್ರಿಗೆ ಹೋಲಿಸುವುದು ಸರಿ. ಆದರೆ ಆ ಹೋಲಿಕೆಯೂ ಪೂರ್ತಿ ಹೊಂದುವುದಿಲ್ಲ. ನಮ್ಮ ಮುಖ್ಯಮಂತ್ರಿ ಸದನದ ಬಹುಮತ ಇರುವವರೆಗೆ ಮಾತ್ರ ಕುರ್ಚಿಯಲ್ಲಿರುತ್ತಾರೆ. ಗವರ್ನರಿಗೆ ಶಾಸನಸಭೆಯಲ್ಲಿ ಬಹುಮತ ಇಲ್ಲದಿದ್ದರೂ ನಾಲ್ಕು ವರ್ಷದ ಅವಧಿಗೆ ಧಕ್ಕೆಯಿಲ್ಲ (ನ್ಯೂ ಹ್ಯಾಂಪ್‌ಶೈರ್ ಮತ್ತು ವರ್ಮಾಂಟ್ ರಾಜ್ಯಗಳಲ್ಲಿ ಮಾತ್ರ ಅವಧಿ ಎರಡು ವರ್ಷ).

ಈ ವ್ಯತ್ಯಾಸದ ತೂಕ ಕನ್ನಡಿಗರಿಗೆ ಬೇಗ ಅರ್ಥವಾಗಬೇಕು. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿಯವರು ಸದನದಲ್ಲೇ ಬಹುಮತ ಸಾಬೀತುಪಡಿಸುವುದಾಗಿ ಹೇಳುತ್ತಿದ್ದರೂ, ರಾಜ್ಯಪಾಲರ ವರದಿಯ ಮೇಲೆ 356ನೇ ವಿಧಿಯನ್ವಯ ಅವರ ಸರ್ಕಾರವನ್ನು ವಜಾ ಮಾಡಲಾಯಿತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಅಧಿಕಾರಕ್ಕೆ ಕಡಿವಾಣ ಹಾಕಿದ್ದು 1994ರಲ್ಲಿ. ಅಮೆರಿಕದ ಸಂವಿಧಾನದಲ್ಲಿ ಅಂಥ ವಿಧಿಯೇ ಇಲ್ಲ. 1957ರಲ್ಲಿ ಅರ್ಕನ್ಸಾ ರಾಜ್ಯದ ಗವರ್ನರ್ ಓರ್ವಲ್ ಫಾಬಸ್ ಅವರು ಲಿಟಲ್ ರಾಕ್ ಶಾಲೆಗೆ ಕಪ್ಪು ವಿದ್ಯಾರ್ಥಿಗಳು ಕಾಲಿಡದಂತೆ ತಡೆದಾಗ, ಅಧ್ಯಕ್ಷ ಐಸೆನ್‌ಹೋವರ್ ಸೈನ್ಯವನ್ನೇ ಕಳಿಸಿ ಆ ಮಕ್ಕಳನ್ನು ಒಳಗೆ ಸೇರಿಸಿದರು. ಸೈನ್ಯ ಕಳಿಸಲು ಅಧ್ಯಕ್ಷರಿಗೆ ಅಧಿಕಾರವಿತ್ತು, ಗವರ್ನರನ್ನು ಇಳಿಸಲು ಇರಲಿಲ್ಲ. ಫಾಬಸ್ 1967ರವರೆಗೂ ಗವರ್ನರಾಗಿಯೇ ಉಳಿದರು. ಗವರ್ನರನ್ನು ತೆಗೆಯುವ ಅಧಿಕಾರ ರಾಜ್ಯದ ಶಾಸನಸಭೆಗೆ ಮಹಾಭಿಯೋಗದ ಮೂಲಕ ಇದೆ. ಕೆಲವು ರಾಜ್ಯಗಳಲ್ಲಿ ಮತದಾರರಿಗೂ ಇದೆ. 2003ರಲ್ಲಿ ಕ್ಯಾಲಿಫೋರ್ನಿಯಾದ ಜನ ಗ್ರೇ ಡೇವಿಸ್ ಅವರನ್ನು ಅವಧಿಯ ನಡುವೆಯೇ ವಾಪಸು ಕರೆಸಿ, ನಟ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಅವರನ್ನು ಆರಿಸಿದರು.

ಪ್ರಶ್ನೆ: ನಮ್ಮದು ಫೌಂಡ್ರಿ ವ್ಯವಹಾರ. ಉಕ್ಕಿನ ಮೇಲಿನ ಸುಂಕವನ್ನು ಅಮೆರಿಕದ ಅಧ್ಯಕ್ಷರು ಒಂದು ಸಹಿಯಿಂದ ಏರಿಸುತ್ತಾರೆ ಎಂದು ಕೇಳುತ್ತೇವೆ. ಸಂಸತ್ತಿನ ಒಪ್ಪಿಗೆ ಬೇಡವೇ?
— ಉದ್ಯಮಿ, ಉದ್ಯಮಬಾಗ್, ಬೆಳಗಾವಿ

ಉತ್ತರ: ತೆರಿಗೆ ಮತ್ತು ಸುಂಕ ವಿಧಿಸುವ ಅಧಿಕಾರವನ್ನು ಅಮೆರಿಕದ ಸಂವಿಧಾನ ಕೊಟ್ಟಿರುವುದು ಅಲ್ಲಿನ ಸಂಸತ್ತಾದ ಕಾಂಗ್ರೆಸ್‌ಗೆ. (ನಮ್ಮಲ್ಲಿ ಈ ಹೆಸರಿನ ಪಕ್ಷವಿರುವುದರಿಂದ ಗೊಂದಲಕ್ಕೆ ಎಡೆಯಾಗಬಾರದು.) ಆದರೆ ಅದೇ ಕಾಂಗ್ರೆಸ್ ಕೆಲವು ಕಾನೂನುಗಳ ಮೂಲಕ ಅಧಿಕಾರದ ಒಂದು ಪಾಲನ್ನು ಅಧ್ಯಕ್ಷರ ಕೈಗೆ ಒಪ್ಪಿಸಿದೆ. ಆಮದಿನಿಂದ ರಾಷ್ಟ್ರೀಯ ಭದ್ರತೆಗೆ ಅಪಾಯವಿದೆ ಎಂದು ತನಿಖೆಯಲ್ಲಿ ಕಂಡುಬಂದರೆ ಅಧ್ಯಕ್ಷರು ಸುಂಕ ಹಾಕಬಹುದು ಎನ್ನುವ 1962ರ ವ್ಯಾಪಾರ ಕಾಯಿದೆ ಅವುಗಳಲ್ಲೊಂದು. 2018ರಲ್ಲಿ ಉಕ್ಕಿನ ಮೇಲೆ ಶೇ 25ರ ಸುಂಕ ಬಿದ್ದದ್ದು ಅದರ ಬಲದಿಂದಲೇ. ಒಪ್ಪಿಸಿದ ಅಧಿಕಾರವನ್ನು ಹಿಂಪಡೆಯುವುದು ಕಾಂಗ್ರೆಸ್‌ಗೆ ಸುಲಭವಲ್ಲ. ಹೊಸ ಮಸೂದೆಗೆ ಅಧ್ಯಕ್ಷರು ವೀಟೋ ಹಾಕಿದರೆ, ಅದನ್ನು ಮೀರಲು ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತಗಳು ಬೇಕು.

ಹಾಗೆಂದು ಸಹಿಗೆ ಮಿತಿಯೇ ಇಲ್ಲವೆಂದಲ್ಲ. 1952ರಲ್ಲಿ, ಕೊರಿಯಾ ಯುದ್ಧದ ನಡುವೆ, ಮುಷ್ಕರ ತಪ್ಪಿಸಲೆಂದು ಅಧ್ಯಕ್ಷ ಟ್ರೂಮನ್ ಉಕ್ಕಿನ ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡರು. ಅದಕ್ಕೆ ಆಧಾರವಾದ ಕಾನೂನು ಯಾವುದೂ ಇಲ್ಲವೆಂದು ಸುಪ್ರೀಂ ಕೋರ್ಟ್ ಎರಡು ತಿಂಗಳೊಳಗೇ ಆ ಆದೇಶವನ್ನು ರದ್ದುಪಡಿಸಿತು. ನಿಮ್ಮಂಥ ಉದ್ಯಮಿಗಳು ಸುದ್ದಿಯಲ್ಲಿ ಸುಂಕದ ಪ್ರಮಾಣದ ಜೊತೆಗೆ, ಅದನ್ನು ಯಾವ ಕಾಯಿದೆಯ ಅಡಿ ಹಾಕಲಾಗಿದೆ ಎಂಬುದನ್ನೂ ಗಮನಿಸುವುದು ಒಳ್ಳೆಯದು. ಅದು ನ್ಯಾಯಾಲಯದಲ್ಲಿ ನಿಲ್ಲುತ್ತದೆಯೋ ಇಲ್ಲವೋ ಎಂಬ ಅಂದಾಜು ಅಲ್ಲಿಂದಲೇ ಸಿಗುತ್ತದೆ.

ಪ್ರಶ್ನೆ: ಹೆಚ್ಚು ಮತ ಪಡೆದವರು ಸೋಲುವುದು ಎಂಥ ಪ್ರಜಾಪ್ರಭುತ್ವ?
— ನಿವೃತ್ತ ಶಿಕ್ಷಕ, ವಿಜಯಪುರ

ಉತ್ತರ: ಈ ಆಕ್ಷೇಪವನ್ನು ಅಮೆರಿಕದವರೂ ಎತ್ತುತ್ತಲೇ ಬಂದಿದ್ದಾರೆ. ಅಲ್ಲಿ ಅಧ್ಯಕ್ಷರ ಆಯ್ಕೆ ಒಂದು ಚುನಾವಣೆಯಲ್ಲ. 50 ರಾಜ್ಯಗಳಲ್ಲಿ ಮತ್ತು ರಾಜಧಾನಿ ವಾಷಿಂಗ್ಟನ್‌ನಲ್ಲಿ ಒಂದೇ ದಿನ ನಡೆಯುವ 51 ಬೇರೆ ಬೇರೆ ಚುನಾವಣೆಗಳು. ಪ್ರತಿ ರಾಜ್ಯಕ್ಕೆ ಪ್ರತಿನಿಧಿ ಸಭೆಯಲ್ಲಿ ಎಷ್ಟು ಸ್ಥಾನಗಳಿವೆಯೋ ಅದಕ್ಕೆ ಸೆನೆಟ್ಟಿನ ಎರಡನ್ನು ಕೂಡಿಸಿದಷ್ಟು ಎಲೆಕ್ಟರುಗಳು, ಅಂದರೆ ಜನರ ಪರವಾಗಿ ಅಧ್ಯಕ್ಷರಿಗೆ ಮತ ಹಾಕುವವರು. ಹಾಗಾಗಿ ಕ್ಯಾಲಿಫೋರ್ನಿಯಾಕ್ಕೆ 54, ತೀರ ಚಿಕ್ಕ ಜನಸಂಖ್ಯೆಯ ವೈಯೋಮಿಂಗ್‌ಗೂ 3. ರಾಜಧಾನಿಯ 3 ಸೇರಿ ಒಟ್ಟು 538; ಗೆಲ್ಲಲು 270 ಬೇಕು. ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟು ಉಳಿದೆಡೆ, ರಾಜ್ಯದಲ್ಲಿ ಒಂದೇ ಮತದಿಂದ ಮುಂದಿದ್ದವರಿಗೂ ಆ ರಾಜ್ಯದ ಎಲ್ಲ ಎಲೆಕ್ಟರುಗಳು ಸಲ್ಲುತ್ತಾರೆ.

ತೊಡಕು ಇರುವುದು ಈ ಕೊನೆಯ ನಿಯಮದಲ್ಲಿಯೇ. 2016ರಲ್ಲಿ ಹಿಲರಿ ಕ್ಲಿಂಟನ್ ದೇಶದಾದ್ಯಂತ 28 ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದರು. ಆದರೆ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರೂ ಸೇರಿ 80 ಸಾವಿರಕ್ಕಿಂತ ಕಡಿಮೆ ಅಂತರದಲ್ಲಿ ಕೈತಪ್ಪಿದ್ದರಿಂದ ಟ್ರಂಪ್ ಅಧ್ಯಕ್ಷರಾದರು. 2000ದಲ್ಲಂತೂ ಇಡೀ ಫಲಿತಾಂಶ ಫ್ಲಾರಿಡಾ ಒಂದರ ಮೇಲೆ ನಿಂತಿತ್ತು. ಅಲ್ಲಿನ ಹಲವೆಡೆ ಮತಪತ್ರವೆಂದರೆ ತೂತು ಹಾಕುವ ಕಾರ್ಡು. ತೂತು ಪೂರ್ತಿ ಬೀಳದೆ ಕಾಗದದ ಚೂರು ಅಂಚಿನಲ್ಲಿ ನೇತಾಡುತ್ತಿದ್ದರೆ ಅದನ್ನು ಮತವೆಂದು ಎಣಿಸಬೇಕೇ ಎಂದು ಅಧಿಕಾರಿಗಳು ಒಂದೊಂದೇ ಕಾರ್ಡನ್ನು ದೀಪಕ್ಕೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದವು. ಮರುಎಣಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿತು. ಸುಮಾರು 60 ಲಕ್ಷ ಮತಗಳಲ್ಲಿ 537ರ ಅಂತರದಿಂದ ಬುಷ್ ಗೆದ್ದರು. ಚುನಾವಣೆಯ ಕಾರ್ಡು, ಯಂತ್ರ, ಎಣಿಕೆಯ ನಿಯಮಗಳೆಲ್ಲ ರಾಜ್ಯಕ್ಕೊಂದು, ಜಿಲ್ಲೆಗೊಂದು. ಇಡೀ ದೇಶದ ಮತದಾನವನ್ನು ನಡೆಸುವ ನಮ್ಮ ಚುನಾವಣಾ ಆಯೋಗದಂಥ ಸಂಸ್ಥೆ ಅಲ್ಲಿಲ್ಲ. ಈ ಒಂದು ವಿಷಯದಲ್ಲಿ ನಮ್ಮ ವ್ಯವಸ್ಥೆಯೇ ಮೇಲೆಂದು ಈ ಅಂಕಣಕಾರನ ಅಭಿಪ್ರಾಯ.

ಪ್ರಶ್ನೆ: ಅಮೆರಿಕದಲ್ಲಿ ಸರ್ಕಾರವೇ ಬಂದ್ ಆಯಿತು ಎಂದು ಓದಿದೆವು. ಬಜೆಟ್ ಪಾಸಾಗದಿದ್ದರೆ ಸರ್ಕಾರ ಬೀಳಬೇಕಲ್ಲವೇ? ಸ್ವಂತ ಪಕ್ಷದವರೇ ವಿರುದ್ಧ ಮತ ಹಾಕಿದರೆ ಅವರ ಸದಸ್ಯತ್ವ ಹೋಗುವುದಿಲ್ಲವೇ?
— ವಕೀಲ, ಅಥಣಿ

ಉತ್ತರ: ಎರಡಕ್ಕೂ ಉತ್ತರ ಇಲ್ಲ ಎಂದೇ. ನಮ್ಮಲ್ಲಿ 1999ರ ಏಪ್ರಿಲ್‌ನಲ್ಲಿ ವಾಜಪೇಯಿ ಸರ್ಕಾರ ಒಂದೇ ಮತದಿಂದ ಬಿತ್ತು. ಅಮೆರಿಕದಲ್ಲಿ ಅವಿಶ್ವಾಸ ನಿರ್ಣಯಕ್ಕೆ ಎಡೆಯಿಲ್ಲ. ಅಧ್ಯಕ್ಷರಿಗೂ ಸದನವನ್ನು ವಿಸರ್ಜಿಸಿ ಹೊಸ ಚುನಾವಣೆಗೆ ಹೋಗುವ ಅಧಿಕಾರವಿಲ್ಲ. ಮಂತ್ರಿಗಳು ಕೂಡ ಕಾಂಗ್ರೆಸ್ಸಿನ ಸದಸ್ಯರಾಗಿರುವಂತಿಲ್ಲ. ಹೀಗೆ ಇಬ್ಬರೂ ತಮ್ಮ ತಮ್ಮ ಅವಧಿಯಲ್ಲಿ ಭದ್ರವಾಗಿ ಕುಳಿತು ಹಟ ಹಿಡಿದಾಗ, ಅಕ್ಟೋಬರ್ 1ಕ್ಕೆ ಆರಂಭವಾಗುವ ಹಣಕಾಸು ವರ್ಷಕ್ಕೆ ಬೇಕಾದ ಅನುದಾನವಾಗಲಿ, ನಮ್ಮ ಲೇಖಾನುದಾನದಂಥ ತಾತ್ಕಾಲಿಕ ಏರ್ಪಾಡಾಗಲಿ ಮಂಜೂರಾಗದಿದ್ದರೆ ಕಚೇರಿಗಳು ಮುಚ್ಚುತ್ತವೆ. 2018ರ ಡಿಸೆಂಬರ್‌ನಲ್ಲಿ ಆರಂಭವಾದ ಬಂದ್ 35 ದಿನ ನಡೆಯಿತು. ವಿಮಾನ ಸಂಚಾರ ನಿಯಂತ್ರಕರು ಅಷ್ಟೂ ದಿನ ಸಂಬಳವಿಲ್ಲದೆ ದುಡಿದರು. ಸಂಕಟಪಟ್ಟವರು ನೌಕರರು, ಹಟ ಹಿಡಿದವರ ಕುರ್ಚಿ ಅಲುಗಲಿಲ್ಲ.

ಪಕ್ಷಾಂತರದ ವಿಷಯ ನಿಮ್ಮೂರಿನವರಿಗೆ ಹೊಸದಲ್ಲ. 2019ರಲ್ಲಿ ಅನರ್ಹಗೊಂಡ 17 ಶಾಸಕರಲ್ಲಿ ಅಥಣಿ, ಕಾಗವಾಡ, ಗೋಕಾಕದವರೂ ಇದ್ದರು. 1985ರಿಂದ ನಮ್ಮ ಸಂವಿಧಾನದಲ್ಲಿರುವ ಹತ್ತನೇ ಅನುಸೂಚಿಯಂಥದ್ದು ಅಲ್ಲಿಲ್ಲ. ವಿಪ್ ಎಂಬ ಹುದ್ದೆಯಿದ್ದರೂ ಅವರ ಕೆಲಸ ಮನವೊಲಿಸುವುದಷ್ಟೇ. 2017ರ ಜುಲೈ ತಿಂಗಳ ಒಂದು ರಾತ್ರಿ, ಒಂದೂವರೆ ಗಂಟೆಯ ಹೊತ್ತಿಗೆ, ಒಬಾಮಾ ಕಾಲದ ಆರೋಗ್ಯ ಕಾನೂನಿನ ಭಾಗಗಳನ್ನು ರದ್ದುಪಡಿಸುವ ಮಸೂದೆ ಸೆನೆಟ್ಟಿನ ಮುಂದಿದ್ದಾಗ, ಆಡಳಿತ ಪಕ್ಷದ ಹಿರಿಯ ಸದಸ್ಯ ಜಾನ್ ಮೆಕೇನ್ ಸದನದ ಮುಂಭಾಗಕ್ಕೆ ನಡೆದುಬಂದು, ಬಲಗೈ ಚಾಚಿ, ಹೆಬ್ಬೆರಳನ್ನು ಕೆಳಗೆ ಮಾಡಿದರು. ಮಸೂದೆ 49–51ರಿಂದ ಬಿತ್ತು. ಅವರ ಸದಸ್ಯತ್ವಕ್ಕೆ ಏನೂ ಆಗಲಿಲ್ಲ. ಮುಂದಿನ ಚುನಾವಣೆಯಲ್ಲಿ ಪಕ್ಷದ ಟಿಕೆಟ್ ತಪ್ಪಿಸೋಣವೆಂದರೆ ಅದೂ ವರಿಷ್ಠರ ಕೈಯಲ್ಲಿಲ್ಲ. ಅಭ್ಯರ್ಥಿ ಯಾರೆಂಬುದನ್ನು ಪ್ರೈಮರಿ ಎಂಬ ಒಳಚುನಾವಣೆಯಲ್ಲಿ ಮತದಾರರೇ ತೀರ್ಮಾನಿಸುತ್ತಾರೆ.

ಪ್ರಶ್ನೆ: ಅಲ್ಲಿನ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ನಿವೃತ್ತಿ ವಯಸ್ಸು ಎಷ್ಟು?
— ಓದುಗರು, ಮುದ್ದೇಬಿಹಾಳ

ಉತ್ತರ: ನಮ್ಮಲ್ಲಿ 65, ಅಲ್ಲಿ ನಿವೃತ್ತಿ ವಯಸ್ಸೇ ಇಲ್ಲ. ಒಂಬತ್ತು ಮಂದಿಯೂ ಜೀವಾವಧಿಗೆ ನೇಮಕಗೊಂಡವರು. ಅಧ್ಯಕ್ಷರು ಹೆಸರಿಸಿ ಸೆನೆಟ್ ಒಪ್ಪಿದ ಮೇಲೆ ಅವರನ್ನು ತೆಗೆಯಲು ಮಹಾಭಿಯೋಗವೊಂದೇ ದಾರಿ. ಅದನ್ನು ಎದುರಿಸಿದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಇದುವರೆಗೆ ಸ್ಯಾಮ್ಯುಯೆಲ್ ಚೇಸ್ ಒಬ್ಬರೇ. ಸೆನೆಟ್ 1805ರಲ್ಲಿ ಅವರನ್ನು ದೋಷಮುಕ್ತಗೊಳಿಸಿತು, ಅವರು 1811ರಲ್ಲಿ ನಿಧನರಾಗುವವರೆಗೂ ಪೀಠದಲ್ಲಿದ್ದರು.