ಹದಿನೆಂಟನೇ ವಾರ, ಮುಟ್ಟದ ನೀರಿನ ಬಾಟಲಿ

(ಗುರುತು ಸಿಗದಂತೆ ವಿವರ ಬದಲಿಸಿದೆ.)

ವಯಸ್ಸು 23, ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್. 18 ವಾರದ ಬಸುರಿ. ಮೊದಲ ಮಗು 33 ವಾರಕ್ಕೇ ಹುಟ್ಟಿತ್ತು, ಅದಕ್ಕೀಗ ಹದಿನಾಲ್ಕು ತಿಂಗಳು. ಜೊತೆಗೆ ಬಂದ ಅತ್ತೆಯದು ಒಂದೇ ಮಾತು: "ಬಿಂದಿಗೆ ಎತ್ತಬೇಡ ಅಂದ್ರೆ ಕೇಳ್ಲಿಲ್ಲ."

ಬಿಂದಿಗೆಯನ್ನು ದೂರಿ ಫಲವಿಲ್ಲ. ಬೇಗ ಹೆರಿಗೆಯಾಗಲು ಎಷ್ಟೋ ಸಲ ಇಂಥದ್ದೇ ಕಾರಣವೆಂದು ಬೊಟ್ಟು ಮಾಡಲು ಆಗುವುದೇ ಇಲ್ಲ. ಆದರೆ ಹಿಂದೊಮ್ಮೆ 37 ವಾರ ತುಂಬುವ ಮೊದಲೇ ಹೆರಿಗೆಯಾಗಿರುವುದು ದೊಡ್ಡ ಎಚ್ಚರಿಕೆ. ಎರಡು ವರ್ಷದ ಅಂತರವಿರಬೇಕಿದ್ದಲ್ಲಿ ಇವರಿಗೆ ಹತ್ತೇ ತಿಂಗಳಿಗೆ ಮತ್ತೆ ಬಸಿರು. ಹಿಮೋಗ್ಲೋಬಿನ್ 8.9, 11 ಇರಬೇಕು. ಒಂದೇ ಕೋಣೆಯ ಮನೆ, ಒಳಗೇ ಗಂಡನ ಬೀಡಿ.

ಇದೆಲ್ಲ ತಾಯಿ ಕಾರ್ಡಿನಲ್ಲೋ ಮಾತಿನಲ್ಲೋ ಬಂತು. ಬಾರದೇ ಉಳಿದದ್ದು ನೀರಿನ ವಿಷಯ. ಬೆಳಿಗ್ಗೆ ತುಂಬಿಸಿದ ಬಾಟಲಿ ಸಂಜೆ ಹಾಗೇ ವಾಪಸ್ಸು. ಕುಡಿದರೆ ಶೌಚಕ್ಕೆ ಏಳಬೇಕು, ಎದ್ದರೆ ಪೀಸ್ ಬಾಕಿ, ಸೂಪರ್‌ವೈಸರ್ ಬೈಗುಳ. ಮೂತ್ರ ತಡೆದರೆ ಸೋಂಕು ತಗಲುವುದು ಸುಲಭ. ಬಸಿರಿನಲ್ಲಿ ಸೋಂಕು ಮೂತ್ರಪಿಂಡಕ್ಕೇರಿ, ಹೆರಿಗೆ ನೋವು ಬೇಗ ಬರಬಹುದು. ಉರಿ ಇಲ್ಲದೆಯೂ ಸೋಂಕಿರುತ್ತದೆ, ಹಾಗಾಗಿ ಮೂತ್ರವನ್ನು ರೋಗಾಣು ಬೆಳೆಸಿ ನೋಡುವ ಕಲ್ಚರ್‌ಗೆ ಕಳಿಸಲಾಯಿತು. ಸೋಂಕಿದ್ದರೆ ವೈದ್ಯರು ಕೊಟ್ಟ ಮಾತ್ರೆ ಮುಗಿಯುವವರೆಗೂ ನುಂಗಬೇಕು. ಮೂರನೇ ದಿನಕ್ಕೆ ಬಿಡುವವರೇ ಜಾಸ್ತಿ.

ಹೊಡೆತ ಬಡಿತ ಇದೆಯೇ ಎಂದು ಮನೆಯವರ ಎದುರು ಕೇಳಬಾರದು. ಅತ್ತೆಯನ್ನು ಕಾರ್ಡಿನ ಜೆರಾಕ್ಸ್‌ಗೆ ಕಳಿಸಿ ಕೇಳಲಾಯಿತು. ಇಲ್ಲವೆಂದರು. ಮುಂದಿನ ಸಲವೂ ಕೇಳುವುದಿದೆ.

ಕೊಟ್ಟ ಸಲಹೆ: ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಎರಡನ್ನೂ ಒಟ್ಟಿಗೆ ಕಾಫಿ ಜೊತೆ ನುಂಗುತ್ತಿದ್ದರು, ಹಾಗೆ ಮಾಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಡುವೆ ಎರಡು ಗಂಟೆ ಬಿಡಬೇಕು, ಕಾಫಿ ಒಂದು ಗಂಟೆ ಆಚೆಗೆ. ರಕ್ತ ಕಡಿಮೆ ಇರುವುದರಿಂದ ದಿನಕ್ಕೆ ಎಷ್ಟು ಮಾತ್ರೆಯೆಂದು ವೈದ್ಯರನ್ನೇ ಕೇಳಬೇಕು. ಮಲ ಕಪ್ಪಗಾದರೆ ಹೆದರಬೇಕಿಲ್ಲ. ಮೊದಲ ಹೆರಿಗೆಯ ಚರಿತ್ರೆ ಹೇಳಿ, 24 ವಾರದೊಳಗೆ ಗರ್ಭಕೊರಳಿನ (ಗರ್ಭಕೋಶದ ಬಾಯಿಯ) ಉದ್ದದ ಸ್ಕ್ಯಾನ್ ಬಗ್ಗೆ ವಿಚಾರಿಸಬೇಕು, 25 ಮಿ.ಮೀ.ಗಿಂತ ಕಡಿಮೆಯಿದ್ದರೆ ಚಿಕಿತ್ಸೆಯಿದೆ. ಮೂರು ಗಂಟೆಗೊಮ್ಮೆ ಶೌಚಕ್ಕೆ ಬಿಡಬೇಕೆಂಬ ವೈದ್ಯರ ಚೀಟಿ ಎಚ್‌ಆರ್‌ಗೆ ಹೋಗಲಿ, ಸೂಪರ್‌ವೈಸರ್‌ಗಲ್ಲ. ಬೀಡಿ ಹೊಸಿಲಾಚೆಗೆ.

"ಏಳು ತಿಂಗಳದ್ದು ಉಳಿಯುತ್ತೆ, ಎಂಟರದ್ದು ಉಳಿಯಲ್ಲ" ಎಂದರು ಅತ್ತೆ. ಅದು ತಪ್ಪು. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭ.

ಗಂಟೆಯಲ್ಲಿ ನಾಲ್ಕು ಸಲ ಹೊಟ್ಟೆ ಗಟ್ಟಿಯಾದರೆ, ನೀರು ಅಥವಾ ರಕ್ತ ಹೋದರೆ, ಸೊಂಟ ಬಿಡದೆ ನೋಯುತ್ತಿದ್ದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಬೇಕು. 34 ವಾರದೊಳಗಾದರೆ ಮಗುವಿನ ಶ್ವಾಸಕೋಶಕ್ಕೆ ಬಲ ಕೊಡುವ ಇಂಜೆಕ್ಷನ್ ತಾಯಿಗೆ ಕೊಡಲು ಹೊತ್ತು ಸಿಗುತ್ತದೆ.

ಎರಡು ವಾರ ಬಿಟ್ಟು ಬರುವಾಗ ಕಲ್ಚರ್ ವರದಿ, ಖಾಲಿಯಾದ ಮಾತ್ರೆ ಶೀಟು ತರಬೇಕು. ಗಂಡನೂ ಬರಬೇಕು.