ವೀಣೆ ಟೀಚರ್ ಉತ್ತರಿಸುತ್ತಾರೆ: ಘಟದ ಪಕ್ಕ ಕೂತ ಗಿಟಾರು

ಪ್ರಶ್ನೆ: ಮೇಡಂ, ಹೋದ ತಿಂಗಳು ನೀವು ‘ಶಕ್ತಿ’ ಎಂಬ ತಂಡದ ಹೆಸರೆತ್ತಿ ಅಲ್ಲಿಗೇ ಬಿಟ್ಟಿರಿ. ನಮ್ಮ ಯಜಮಾನರು ‘ಫ್ಯೂಷನ್ ಅಂದರೆ ಕಲಬೆರಕೆ, ಅದರಲ್ಲಿ ಕೇಳುವಂಥದ್ದೇನಿದೆ’ ಅನ್ನುತ್ತಾರೆ. ಆ ತಂಡ ಹೇಗೆ ಹುಟ್ಟಿತು, ಯಾರು ಯಾರಿದ್ದರು?
— ಓದುಗಿ, ಡೊಂಬಿವಲಿ

ಉತ್ತರ: ಹೆಸರೆತ್ತಿದ ಮೇಲೆ ಪೂರ್ತಿ ಹೇಳಬೇಕಿತ್ತು. ಈ ಸಲ ಜಾಗ ಸಿಕ್ಕಿದೆ.

ನಾನು ಆ ತಂಡವನ್ನು ಮೊದಲು ಕೇಳಿದ್ದು 1979ರಲ್ಲಿ, ಮಾಟುಂಗಾದ ನಮ್ಮ ಮನೆಯಲ್ಲೇ. ಮೇಲಿನ ಮಹಡಿಯ ಹುಡುಗ ಹಡಗಿನಲ್ಲಿ ಕೆಲಸಕ್ಕಿದ್ದ. ರಜೆಗೆ ಬಂದಾಗ ‘ಎ ಹ್ಯಾಂಡ್‌ಫುಲ್ ಆಫ್ ಬ್ಯೂಟಿ’ ಎಂಬ ಎಲ್‌ಪಿ ತಂದಿದ್ದ. ಪ್ಲೇಯರ್ ಇದ್ದದ್ದು ನಮ್ಮಲ್ಲಿ, ಹಾಗಾಗಿ ರೆಕಾರ್ಡು ಕೆಳಗಿಳಿದು ಬಂತು. ನನಗಾಗ ಹದಿನೇಳು. ಅಪ್ಪ ಧಾರವಾಡದವರು, ಹಿಂದೂಸ್ತಾನಿಯ ಖಯಾಲ್ ಬಿಟ್ಟರೆ ಬೇರೆಯದಕ್ಕೆ ಕಿವಿ ಕೊಡುವವರಲ್ಲ. ಅಮ್ಮ ಮೈಸೂರಿನವಳು, ನನಗೆ ವೀಣೆಯ ಸರಳೆವರಸೆ ಹೇಳಿಕೊಟ್ಟವಳೇ ಅವಳು. ಭಾನುವಾರ ರೇಡಿಯೋ ಯಾವ ಸ್ಟೇಷನ್ನಿಗೆ ತಿರುಗಬೇಕು ಅನ್ನುವುದೇ ನಮ್ಮ ಮನೆಯಲ್ಲಿ ದೊಡ್ಡ ಪಂಚಾಯ್ತಿಯಾಗಿತ್ತು.

ಮುಳ್ಳು ಇಟ್ಟ ಕೂಡಲೇ ಕೇಳಿದ್ದು ವಾದ್ಯವಲ್ಲ, ಬಾಯಿ. ತಾಳದ ಸೊಲ್ಲುಗಳನ್ನು ಬಾಯಲ್ಲೇ ನುಡಿಸುವ ಕೊನ್ನಕ್ಕೋಲು! ಈಳಿಗೆಮಣೆಯ ಮುಂದೆ ಹುರುಳಿಕಾಯಿ ಹೆಚ್ಚುತ್ತಿದ್ದ ಅಮ್ಮ ಎದ್ದು ಬಂದಳು. ಗಿಟಾರು ಶುರುವಾದ ಮೇಲೂ ಅವಳ ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಲೇ ಇತ್ತು. ಮುಗಿದಾಗ ಕೇಳಿದ್ದು ಇಷ್ಟೇ: “ಆ ಗಿಟಾರಿನವರು ಯಾರ ಹತ್ತಿರ ಪಾಠ ಮಾಡಿದವರಂತೆ?” ಅಪ್ಪನ ಕಿವಿ ತಬಲಾದ ಮೇಲಿತ್ತು. “ಇಂವ ಅಲ್ಲಾರಖಾ ಅವರ ಮಗ ಅಲ್ಲೇನ?” ಅಂದರು. ಆ ದಿನ ಇಬ್ಬರೂ ಒಂದೇ ಸಂಗೀತಕ್ಕೆ ಒಟ್ಟಿಗೆ ಕೂತಿದ್ದರು. ನನಗದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಅಮ್ಮನ ಪ್ರಶ್ನೆಗೆ ಉತ್ತರ ನನಗೆ ಎಷ್ಟೋ ವರ್ಷಗಳ ಮೇಲೆ ಸಿಕ್ಕಿತು. ಆ ಗಿಟಾರಿನವರು ಜಾನ್ ಮೆಕ್‌ಲಾಫ್ಲಿನ್, 1942ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಹುಟ್ಟಿದವರು. ಮೈಲ್ಸ್ ಡೇವಿಸ್ ಜೊತೆ ಜಾಜ್ ನುಡಿಸಿದರು. 1971ರಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾ ಕಟ್ಟಿದರು. ಅದು ಎಲೆಕ್ಟ್ರಿಕ್ ಗಿಟಾರಿನ ಅಬ್ಬರದ ತಂಡ, ಅದರಿಂದ ಅವರಿಗೆ ದೊಡ್ಡ ಹೆಸರೂ ಬಂತು. ಅಷ್ಟು ಹೆಸರಿದ್ದವರು ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಡಾ. ಎಸ್. ರಾಮನಾಥನ್ ಅವರ ಮುಂದೆ ಕೂತು ವೀಣೆ ಕಲಿತರು. ಅಮ್ಮ ಇದ್ದಿದ್ದರೆ ಓಡಿಹೋಗಿ ಹೇಳುತ್ತಿದ್ದೆ.

ಅವರ ಜೊತೆ ಸೇರಿದವರು ಪಿಟೀಲಿಗೆ ಎಲ್. ಶಂಕರ್, ತಬಲಾಕ್ಕೆ ಅಪ್ಪ ಗುರುತಿಸಿದ ಅಲ್ಲಾರಖಾ ಅವರ ಮಗ, ನಮ್ಮ ಮಾಹಿಮಿನ ಜಾಕಿರ್ ಹುಸೇನ್, ಘಟಕ್ಕೆ ಟಿ.ಎಚ್. ವಿನಾಯಕರಾಮ್. ಮೊದಲ ರೆಕಾರ್ಡಿನಲ್ಲಿ ರಾಮನಾಡ್ ರಾಘವನ್ ಅವರ ಮೃದಂಗವೂ ಇತ್ತು. ಅದು ಸ್ಟುಡಿಯೋದಲ್ಲಿ ಆದದ್ದಲ್ಲ, 1975ರ ಜುಲೈ 5ರಂದು ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡಿನ ಒಂದು ಕಾಲೇಜಿನಲ್ಲಿ ನಡೆದ ಕಚೇರಿಯ ಧ್ವನಿಮುದ್ರಣ. ಮೊದಲ ತುಣುಕೇ 18 ನಿಮಿಷ. ಮಹಾವಿಷ್ಣುವಿನ ಅಬ್ಬರ ಕೇಳಿದ್ದವರ ಮುಂದೆ ಕಛೇರಿಯ ಹಾಗೆ ನೆಲದ ಮೇಲೆ ಕೂತು, ಒಂದೂ ಎಲೆಕ್ಟ್ರಿಕ್ ವಾದ್ಯವಿಲ್ಲದೆ ನುಡಿಸಿದರು.

ನಿಮ್ಮ ಯಜಮಾನರ ಕಲಬೆರಕೆ ಮಾತಿಗೆ ಬರುತ್ತೇನೆ. ಎಲ್ಲರೂ ಪೂರ್ವ ಪಶ್ಚಿಮ ಬೆರೆತದ್ದನ್ನೇ ಹೇಳುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು ಹಿಂದೂಸ್ತಾನಿಯ ತಬಲಾ ಮತ್ತು ಕರ್ನಾಟಕ ಸಂಗೀತದ ಘಟ ಸರಿಸಮ ಕೂತದ್ದು. ನಮ್ಮಲ್ಲೇ ಹುಬ್ಬಳ್ಳಿ ಕಡೆಯವರು ಒಂದು ಸಭೆಗೆ, ಮೈಸೂರು ಕಡೆಯವರು ಇನ್ನೊಂದು ಸಭೆಗೆ ಹೋಗುವುದಿಲ್ಲವೇ? ಆ ಎರಡನ್ನೂ ಕೂಡಿಸಿದ್ದು ಲೆಕ್ಕ. ಆದಿತಾಳದ ಅರ್ಧ ಆವರ್ತನ ಅಂದರೆ ನಾಲ್ಕು ಏಟು, ಏಟಿಗೆ ನಾಲ್ಕರಂತೆ 16 ಅಕ್ಷರ. ‘ತದಿಗಿಣತೊಂ’ ಅಂದರೆ 5. ಅದನ್ನೇ ಮೂರು ಸಲ ಅಂದರೆ 15. ಒಂದು ಅಕ್ಷರ ಬಿಟ್ಟು ಎತ್ತಿಕೊಂಡರೆ ಸರಿಯಾಗಿ ಸಮಕ್ಕೆ, ಅಂದರೆ ತಾಳದ ಮೊದಲ ಏಟಿಗೆ, ಬಂದು ಸೇರುತ್ತದೆ. ಇದನ್ನು ನಾವು ಮುಕ್ತಾಯ ಅನ್ನುತ್ತೇವೆ, ತಬಲಾದವರು ತಿಹಾಯಿ ಅನ್ನುತ್ತಾರೆ. ಬೋಲು ಬೇರೆ, ಹೆಸರು ಬೇರೆ, ಮೂರು ಸಲ ಹೇಳಿ ಮನೆ ಮುಟ್ಟುವ ಲೆಕ್ಕ ಒಂದೇ. ಮೆಕ್‌ಲಾಫ್ಲಿನ್ ಆ ಲೆಕ್ಕವನ್ನು ಬಾಯಲ್ಲಿ ಹೇಳಿ ಕಲಿತವರು. ಮುಂದೆ ಕೊನ್ನಕ್ಕೋಲಿಗೆಂದೇ ಪಾಠದ ಡಿವಿಡಿಯನ್ನೂ ತಂದರು.

ಇನ್ನು ಆ ಗಿಟಾರು. ವೀಣೆಯವಳಾಗಿ ಅದರ ಬಗ್ಗೆ ಹೇಳದೆ ಇರಲಾರೆ. ನಮ್ಮ ವೀಣೆಯಲ್ಲಿ ಮೇಣದ ಮೇಲೆ ಕೂತ ಮೆಟ್ಟಿಲುಗಳು ಎತ್ತರದಲ್ಲಿರುತ್ತವೆ. ಬೆರಳಿನ ಕೆಳಗೆ ಮರ ಸಿಗುವುದಿಲ್ಲ, ಹಾಗಾಗಿ ತಂತಿಯನ್ನು ಪಕ್ಕಕ್ಕೆ ಎಳೆದು ಒಂದೇ ಮೆಟ್ಟಿಲಿನ ಮೇಲೆ ಮೂರು ನಾಲ್ಕು ಸ್ವರ ತೆಗೆಯಬಹುದು. ಸ್ವರವನ್ನು ಓಲಾಡಿಸುವ ಗಮಕ ಹುಟ್ಟುವುದು ಅಲ್ಲಿ. ಸಾಮಾನ್ಯ ಗಿಟಾರಿನಲ್ಲಿ ಬೆರಳು ಮರಕ್ಕೆ ತಾಗಿ ನಿಲ್ಲುತ್ತದೆ. ಅವರಿಗಾಗಿ ಗಿಬ್ಸನ್ ಕಂಪನಿ ಮಾಡಿಕೊಟ್ಟ ಗಿಟಾರಿನಲ್ಲಿ ಮೆಟ್ಟಿಲು ಮೆಟ್ಟಿಲಿನ ನಡುವೆ ಮರವನ್ನು ಬಟ್ಟಲಿನ ಹಾಗೆ ಕೆತ್ತಿ ತೆಗೆದಿದ್ದರು. ಮೇಲೆ ಅಡ್ಡಲಾಗಿ, ಸಿತಾರಿನ ತರಬಿನ ಹಾಗೆ, ಮುಟ್ಟದೆಯೇ ಅನುರಣಿಸುವ 7 ತಂತಿ. ಎರಡು ಸಂಗೀತ ಸುಮ್ಮನೆ ಕೂಡಿಸಿದರೆ ಕಲಬೆರಕೆ ಆಗಬಹುದು, ಒಪ್ಪುತ್ತೇನೆ. ಆದರೆ ಗಮಕಕ್ಕಾಗಿ ವಾದ್ಯದ ಮರವನ್ನೇ ಕೆತ್ತಿಸಿದವರನ್ನು ಹಾಗೆ ಕರೆಯಲು ನನಗೆ ಬಾಯಿ ಬರುವುದಿಲ್ಲ.

1977ರಲ್ಲಿ ಮೂರನೆಯ ರೆಕಾರ್ಡು ‘ನ್ಯಾಚುರಲ್ ಎಲಿಮೆಂಟ್ಸ್’ ಬಂತು. ಮರುವರ್ಷ ತಂಡ ಚದುರಿತು. ಅಂದರೆ ನಾವು ಕೇಳುವ ಹೊತ್ತಿಗೆ ಅದು ಇರಲೇ ಇಲ್ಲ.

ಪ್ರಶ್ನೆ: ಶಂಕರ್ ಮಹಾದೇವನ್ ಹಾಡುವ ಶಕ್ತಿ ಬೇರೆ ತಂಡವೇ? ಅವರಿಗೆ ಗ್ರ್ಯಾಮಿ ಬಂದದ್ದು ಓದಿದ್ದೆ.
— ಓದುಗ, ಠಾಣೆ

ಉತ್ತರ: ಅದೇ ಬೇರಿನ ಎರಡನೆಯ ಚಿಗುರು. 1997ರಲ್ಲಿ ಮೆಕ್‌ಲಾಫ್ಲಿನ್, ಜಾಕಿರ್, ವಿನಾಯಕರಾಮ್ ಮತ್ತೆ ಸೇರಿದರು. ಪಿಟೀಲಿನ ಬದಲು ಹರಿಪ್ರಸಾದ್ ಚೌರಾಸಿಯಾ ಅವರ ಬಾನ್ಸುರಿ ಬಂತು. ಹೆಸರು ‘ರಿಮೆಂಬರ್ ಶಕ್ತಿ’. ಆಮೇಲೆ ಮ್ಯಾಂಡೊಲಿನ್ ಶ್ರೀನಿವಾಸ್, ಖಂಜಿರಕ್ಕೆ ವಿನಾಯಕರಾಮ್ ಅವರ ಮಗ ಸೆಲ್ವಗಣೇಶ್, ಚೆಂಬೂರಿನಲ್ಲಿ ಬೆಳೆದ ಶಂಕರ್ ಮಹಾದೇವನ್ ಸೇರಿದರು. 2000ದ ಡಿಸೆಂಬರಿನಲ್ಲಿ ನಮ್ಮ ಮುಂಬೈಯಲ್ಲೇ ನಡೆದ ಕಚೇರಿಗಳು ‘ಸ್ಯಾಟರ್ಡೇ ನೈಟ್ ಇನ್ ಬಾಂಬೆ’ ಎಂದು ಹೊರಬಂದವು. ಅದರಲ್ಲಿ ಶಿವಕುಮಾರ ಶರ್ಮಾ ಅವರ ಸಂತೂರು ಇದೆ, ತಪ್ಪಿಸಬೇಡಿ. ಶ್ರೀನಿವಾಸ್ 2014ರಲ್ಲಿ, 45 ವರ್ಷಕ್ಕೇ ಹೋದರು. ಅದು ತುಂಬಲಾರದ ನಷ್ಟ. ಮಗು ಮಾತಾಡಿದ ಹಾಗೆ ಅಷ್ಟು ಸುಲಭವಾಗಿ ರಾಗ ಬರುತ್ತಿತ್ತು ಅವರ ಕೈಯಲ್ಲಿ.

ಅವರ ‘ದಿಸ್ ಮೊಮೆಂಟ್’ ಎಂಬ ರೆಕಾರ್ಡು ಬಂದದ್ದು 2023ರಲ್ಲಿ, ಅದಕ್ಕೆ ಗ್ರ್ಯಾಮಿ ಬಂದದ್ದು 2024ರ ಫೆಬ್ರವರಿಯಲ್ಲಿ. ಅಲ್ಲಿ ಪಿಟೀಲು ಗಣೇಶ್ ರಾಜಗೋಪಾಲನ್ ಅವರದು. ಅದೇ ವರ್ಷ ಡಿಸೆಂಬರ್ 15ರಂದು ಜಾಕಿರ್ ಭಾಯ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತೀರಿಕೊಂಡರು. ಮರುದಿನ ಪಾಠಕ್ಕೆ ಬಂದ ಮಕ್ಕಳಿಗೆ ನಾನು ವೀಣೆ ಹೊರಗೆ ತೆಗೆಯಲಿಲ್ಲ. ಆ ಹಳೆಯ ರೆಕಾರ್ಡಿನ ಮೊದಲ ಕೊನ್ನಕ್ಕೋಲು ಹಾಕಿ, ಎಲ್ಲರ ಕೈಯಲ್ಲೂ ತಾಳ ಹಾಕಿಸಿದೆ.

ಪ್ರಶ್ನೆ: ಗೋವಾದಲ್ಲಿ ಮೂವತ್ತು ವರ್ಷದಿಂದ ಇದ್ದೇವೆ. ಇಲ್ಲಿಯವರೂ ಇಂಥದ್ದನ್ನು ಮಾಡಿದ್ದಾರೆಯೇ ಅಥವಾ ಬರೀ ಬೀಚಿನ ಬ್ಯಾಂಡೇ?
— ಓದುಗ, ಮಾಪ್ಸಾ

ಉತ್ತರ: ಶಕ್ತಿಗಿಂತ ಎಷ್ಟೋ ಮೊದಲೇ ಮಾಡಿದ್ದಾರೆ! ಗೋವಾದ ಚರ್ಚ್ ಶಾಲೆಗಳಲ್ಲಿ ಸ್ವರಲಿಪಿ ಓದಲು ಕಲಿತ ಹುಡುಗರೇ ಮುಂಬೈಯ ಜಾಜ್ ಬ್ಯಾಂಡುಗಳಲ್ಲೂ ಸಿನಿಮಾ ಆರ್ಕೆಸ್ಟ್ರಾಗಳಲ್ಲೂ ತುಂಬಿದ್ದರು. ಮಜೋರ್ಡಾದ ಆಂಥನಿ ಗೊನ್ಸಾಲ್ವಿಸ್ ಅವರಲ್ಲಿ ಒಬ್ಬರು, ಸಂಗೀತ ನಿರ್ದೇಶಕ ಪ್ಯಾರೇಲಾಲ್ ಅವರಿಗೆ ಪಿಟೀಲು ಕಲಿಸಿದವರು. 1958ರಲ್ಲಿ ಅವರು ಒಂದು ಸಿಂಫನಿ ಆರ್ಕೆಸ್ಟ್ರಾ ಕಟ್ಟಿ, ರಾಗಗಳನ್ನು ಆಧರಿಸಿ ತಾವೇ ಬರೆದದ್ದನ್ನು ಮುಂಬೈಯ ಸೇಂಟ್ ಝೇವಿಯರ್ಸ್ ಕಾಲೇಜಿನ ಅಂಗಳದಲ್ಲಿ ನುಡಿಸಿದರು. ಹಾಡಿದವರು ಲತಾ ಮಂಗೇಶ್ಕರ್ ಮತ್ತು ಮನ್ನಾ ಡೇ. 1977ರ ಸಿನಿಮಾ ಹಾಡಿನಲ್ಲಿ ಅಮಿತಾಭ್ ಹೇಳಿಕೊಳ್ಳುವ ಹೆಸರು ಇವರದೇ, ಶಿಷ್ಯ ಗುರುವಿಗೆ ಸಲ್ಲಿಸಿದ ವಂದನೆ. ಊರಿಗೆಲ್ಲ ಹಾಡು ಗೊತ್ತು, ಆ ಮನುಷ್ಯರು ಗೊತ್ತಿಲ್ಲ ಎಂಬುದು ನನಗೆ ನೋವಿನ ವಿಷಯ. ಸ್ಯಾಕ್ಸೊಫೋನಿನಲ್ಲಿ ರಾಗ ಹುಡುಕಿದ ಬ್ರಾಜ್ ಗೊನ್ಸಾಲ್ವಿಸ್ ಕೂಡ ನಿಮ್ಮ ಗೋವಾದವರೇ.

ಪ್ರಶ್ನೆ: ಅಕ್ಕಾ, ಇದರಲ್ಲೆಲ್ಲ ನಮ್ಮ ಬೆಂಗಳೂರಿನವರು ಎಲ್ಲಿ?
— ಓದುಗಿ, ನೆರೂಳ್

ಉತ್ತರ: ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಅವರು ಮಾಡಿದ ‘ಜ್ಯೋತಿ’ ಎಂಬ ರೆಕಾರ್ಡು, 1983ರದು, ಜರ್ಮನಿಯ ಇಸಿಎಂ ಕಂಪನಿ ಹೊರತಂದದ್ದು. ಅದರಲ್ಲಿ ಆರ್.ಎ. ರಮಾಮಣಿ ಅವರ ದನಿ ಕೇಳಿ. ಸ್ಯಾಕ್ಸೊಫೋನು ಅವರ ಹಿಂದೆ ಬರುತ್ತದೆ, ಅವರು ಅದರ ಹಿಂದೆ ಓಡುವುದಿಲ್ಲ.

ಪ್ರಶ್ನೆ: ನನ್ನ ಮಗ ಎಂಟು ವರ್ಷದಿಂದ ಮೃದಂಗ ಕಲಿಯುತ್ತಿದ್ದಾನೆ. ಈಗ ಕಾಲೇಜಿನ ಗೆಳೆಯರ ಬ್ಯಾಂಡಿನಲ್ಲಿ ಗಿಟಾರು, ಕೀಬೋರ್ಡಿನ ಜೊತೆ ನುಡಿಸುತ್ತಾನೆ. ಗುರುಗಳಿಗೆ ಸುದ್ದಿ ಮುಟ್ಟಿ ಬೇಜಾರಾಗಿದ್ದಾರೆ. ಬಿಡಿಸಲೇ?
— ಓದುಗಿ, ಕೋಥ್ರೂಡ್, ಪುಣೆ

ಉತ್ತರ: ಬಿಡಿಸಬೇಡಿ. ಆದರೆ ಸುದ್ದಿ ಬೇರೆಯವರಿಂದ ಮುಟ್ಟಿದ್ದು ತಪ್ಪು. ಮಗನನ್ನು ಕಳಿಸಿ, ನಮಸ್ಕಾರ ಮಾಡಿ ತಾನೇ ಹೇಳಲಿ. ಸಾಧ್ಯವಾದರೆ ಬ್ಯಾಂಡಿನಲ್ಲಿ ನುಡಿಸಿದ್ದನ್ನೇ ಅವರ ಮುಂದೆ ನುಡಿಸಿ ತೋರಿಸಲಿ. ಗುರುಗಳ ಭಯ ಬೆರಕೆಯದ್ದಲ್ಲ, ಸಾಧನೆ ಸಡಿಲವಾದೀತು ಎಂಬುದು. ಆ ಭಯ ನ್ಯಾಯವಾದದ್ದೇ.

ನನಗೂ ಒಂದು ಪೆಟ್ಟು ಬಿದ್ದಿದೆ. 1986ರಲ್ಲಿ ಒಂದು ಸಭೆಯಲ್ಲಿ ಮೃದಂಗದವರು ಬರಲಾಗದೆ, ತಬಲಾ ಜೊತೆಗೆ ವೀಣೆ ನುಡಿಸಿದೆ. ಕೇಳಿದವರು ಸಂತೋಷಪಟ್ಟರು. ಕಾರ್ಯದರ್ಶಿ ಮಾತ್ರ ಮುಂದಿನ ನಾಲ್ಕು ವರ್ಷ ನನ್ನನ್ನು ಕರೆಯಲಿಲ್ಲ. ಹಾಗಂತ ನಾನು ತಪ್ಪು ಮಾಡಿದೆ ಎಂದು ಆಗಲೂ ಅನಿಸಲಿಲ್ಲ, ಈಗಲೂ ಇಲ್ಲ. ಆ ತಬಲಾದವರಿಂದ ಲಯದ ಬಗ್ಗೆ ಕಲಿತದ್ದು ಇವತ್ತಿಗೂ ನನ್ನ ಪಾಠದಲ್ಲಿದೆ.

ಮಗನಿಗೆ ಕೆಲಸಕ್ಕೆ ಬರುವ ಎರಡು ಮಾತು. ಒಂದು, ಮೃದಂಗಕ್ಕೆ ಒಂದು ಶ್ರುತಿ ಇದೆ, ಗಿಟಾರಿನವರು ಹಾಡಿಗೊಂದು ಸ್ಕೇಲ್ ಬದಲಿಸುತ್ತಾರೆ. ಬಲಗಡೆ ಒಂದು ನುಡಿಯುತ್ತಿದ್ದರೆ ಹಾಡು ಇನ್ನೊಂದು ಕಡೆ ಹೋಗುತ್ತದೆ, ಕಿವಿಗೆ ಹಿಂಸೆ. ತನ್ನ ಶ್ರುತಿಗೆ ಹೊಂದುವ ಹಾಡು ಯಾವುದು ಎಂದು ಮೊದಲೇ ಗೆಳೆಯರ ಜೊತೆ ಕೂತು ಆರಿಸಲಿ, ಇಲ್ಲವೇ ಎರಡನೆಯ ಮೃದಂಗ ಇಟ್ಟುಕೊಳ್ಳಲಿ. ಇನ್ನೊಂದು, ಎಸಿ ಹಾಲಿನಲ್ಲಿ ಮೃದಂಗದ ಎಡಗಡೆ ಮೆತ್ತಿದ ರವೆ ಬೇಗ ಒಣಗುತ್ತದೆ, ಹಾಡು ಹಾಡಿನ ನಡುವೆ ಬೆರಳದ್ದಿ ನೀರು ಸವರುವುದು ಮರೆಯದಿರಲಿ. ಮತ್ತೆ, ಆ ಗಿಟಾರಿನ ಹುಡುಗನಿಗೆ ‘ತದಿಗಿಣತೊಂ’ ಹೇಳಿಕೊಡಲಿ, ತಾನು ಅವನಿಂದ ಕಾರ್ಡ್ಸ್ ಕಲಿಯಲಿ. ಒಂದು ಕಡೆಯಿಂದ ಮಾತ್ರ ಕಲಿಕೆ ನಡೆದರೆ ಬ್ಯಾಂಡು ಆರು ತಿಂಗಳೂ ಬಾಳುವುದಿಲ್ಲ.

ಪ್ರಶ್ನೆ: ಮೊದಲು ಯಾವುದನ್ನು ಕೇಳಲಿ?
— ಓದುಗ, ಬೊರಿವಲಿ

ಉತ್ತರ: ‘ಎ ಹ್ಯಾಂಡ್‌ಫುಲ್ ಆಫ್ ಬ್ಯೂಟಿ’. ಇಯರ್‌ಫೋನ್ ಹಾಕಿ, ಲೋಕಲ್ ಟ್ರೈನಿನಲ್ಲಿ ಬೇಡ. ರಾತ್ರಿ ಊಟ ಮುಗಿದ ಮೇಲೆ, ಬಲಗೈ ತೊಡೆಯ ಮೇಲಿಟ್ಟುಕೊಂಡು.